ಗಂಗಕ್ಕನ ಆರಾಮ, ಡಾಕ್ಟರಮ್ಮನ ಆರಾಮ

ಮೊದಲ ಮಳೆ ಬಿದ್ದಾಗ ಬೇರೆ ಊರಿನವರು ಮಣ್ಣಿನ ವಾಸನೆಯ ಬಗ್ಗೆ ಮಾತಾಡುತ್ತಾರೆ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಗೆ ಆ ಭಾಗ್ಯ ಇಲ್ಲ. ಇಲ್ಲಿ ಮೋಡ ಕೆಳಗಿಳಿದ ಕೂಡಲೇ ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಗಳ ಕಡೆಯಿಂದ ಒಂದು ವಾಸನೆ ಹೊರಡುತ್ತದೆ. ಒಂದು ದಿನ ಬಣ್ಣದ್ದು, ಒಂದು ದಿನ ಕೊಳೆತ ಮೊಟ್ಟೆಯದ್ದು, ಮತ್ತೊಂದು ದಿನ ಯಾರಿಗೂ ಹೆಸರು ಗೊತ್ತಿಲ್ಲದ ಸಿಹಿ ಘಾಟು. ಕಿಟಕಿ ಮುಚ್ಚುತ್ತೇವೆ, ಕಂಪನಿಯವರನ್ನು ಬೈಯುತ್ತೇವೆ, ಮತ್ತೆ ಇಲ್ಲೇ ಇರುತ್ತೇವೆ. ಈ ಜೂನಿನಲ್ಲಿ ಅಮ್ಮನನ್ನು ನೋಡಲೆಂದು ಠಾಣೆ ಶಹರದ ನನ್ನ ಮನೆಯಿಂದ ಬಂದೆ. ಸ್ಟೇಷನ್ನಿನಲ್ಲಿ ರಿಕ್ಷಾ ಹಿಡಿದು ನಮ್ಮ ಬಿಲ್ಡಿಂಗಿನ ತಿರುವಿಗೆ ಬರುವಷ್ಟರಲ್ಲಿ ಆ ಸಿಹಿ ಘಾಟು ಮೂಗಿಗೆ ಹೊಡೆಯಿತು. ರಿಕ್ಷಾದವನು ಕರ್ಚೀಫು ಕಟ್ಟಿಕೊಂಡ. ನಾನು ಮಾತ್ರ ಆಳವಾಗಿ ಉಸಿರೆಳೆದುಕೊಂಡೆ. ಅಪ್ಪನ ಕಾಯಿಲೆಯ ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ತುಂಬಿಕೊಂಡಿದ್ದದ್ದು ಇದೇ ವಾಸನೆ.

ಅಪ್ಪನಿಗೆ ಈ ವಾಸನೆ ಯಾವತ್ತೂ ತೊಂದರೆ ಕೊಟ್ಟದ್ದಿಲ್ಲ. ಅವರ ಹೋಟೆಲು ಇದ್ದದ್ದೇ ಫ್ಯಾಕ್ಟರಿಗಳ ಬಾಯಲ್ಲಿ. ಬೆಳಗಿನ ಪಾಳಿಗೆ ಹೋಗುವವರು ಇಡ್ಲಿ ತಿಂದು ಹೋಗುತ್ತಿದ್ದರು, ರಾತ್ರಿ ಪಾಳಿ ಮುಗಿಸಿದವರು ಚಹಾ ಕುಡಿದು ಹೋಗುತ್ತಿದ್ದರು. ಎಲ್ಲರಿಗೂ ಅಪ್ಪ ‘ಶೆಟ್ಟಿ’. ನಾವು ಉಡುಪಿ ಕಡೆಯ ಭಟ್ಟರು ಎಂದು ಅಪ್ಪ ಮೊದಮೊದಲು ತಿಳಿಸಿ ಹೇಳಿದ್ದರಂತೆ. ಆಮೇಲೆ, ಇಡ್ಲಿ ಮಾರುವ ಉಡುಪಿಯವನಿಗೆ ಈ ಊರು ಬೇರೆ ಹೆಸರು ಕೊಡುವುದಿಲ್ಲ ಎಂದು ಗೊತ್ತಾಗಿ ಸುಮ್ಮನಾದರು. ಹೆಸರಿನ ವಿಷಯದಲ್ಲಿ ಬಿಟ್ಟುಕೊಟ್ಟರೂ ಸಾಂಬಾರಿನ ವಿಷಯದಲ್ಲಿ ಬಿಟ್ಟುಕೊಟ್ಟವರಲ್ಲ. ಬೆಳಗ್ಗೆ ಭಟ್ಟಿಯ ಮುಂದೆ ನಿಂತು ಅಂಗೈಗೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿ ‘ಹೂಂ’ ಎಂದ ಮೇಲೆಯೇ ಅದು ಗಿರಾಕಿಯ ತಟ್ಟೆಗೆ ಹೋಗಬೇಕು.

ಅಂಥವರು ಆ ವರ್ಷ ಮೇ ತಿಂಗಳಲ್ಲಿ ಒಂದು ದಿನ ಒಗ್ಗರಣೆ ಸಿಡಿದ ಕೂಡಲೇ ಹೊರಗೆ ಓಡಿ ವಾಂತಿ ಮಾಡಿಕೊಂಡರು. ಮರುದಿನವೂ ಅದೇ. ಸಾಸಿವೆ, ಇಂಗು, ಕರಿಬೇವು, ಯಾವುದರ ವಾಸನೆಯೂ ಆಗುವುದಿಲ್ಲ. ಹೋಟೆಲನ್ನು ಆಗಲೇ ನೋಡಿಕೊಳ್ಳುತ್ತಿದ್ದ ನನ್ನ ತಮ್ಮ ಗಿರೀಶ ಫೋನ್ ಮಾಡಿ, “ಅಕ್ಕಾ, ಅಪ್ಪನಿಗೆ ಒಗ್ಗರಣೆ ಆಗುದಿಲ್ಲಂತೆ,” ಎಂದಾಗ ನಾನು ನಕ್ಕೆ. ಮೀನು ನೀರಿಗೆ ಹೆದರುತ್ತದೆ ಎಂದ ಹಾಗೆ ಕೇಳಿಸಿತು. ಆದರೆ ಅವನು ನಗಲಿಲ್ಲ.

ಡೊಂಬಿವಲಿಯಲ್ಲಿ ಸೋನೋಗ್ರಫಿ, ಆಮೇಲೆ ಕಲ್ಯಾಣದಲ್ಲಿ ಸ್ಕ್ಯಾನ್. ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ. ಚಿಕ್ಕದಲ್ಲ, ಒಂದೂ ಅಲ್ಲ. ರಿಪೋರ್ಟು ನೋಡಿದವರೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಕುಡೀತಿದ್ರಾ?” ಡಾಕ್ಟರರು ಕೇಳಿದರು, ಕಂಪೌಂಡರ್ ಕೇಳಿದ, ಕೊನೆಗೆ ಊರಿಂದ ಫೋನ್ ಮಾಡಿದ ದೊಡ್ಡಪ್ಪನೂ ಸ್ವರ ತಗ್ಗಿಸಿ ಕೇಳಿದರು. ಅಪ್ಪನಿಗೆ ಇದು ದೊಡ್ಡ ತಮಾಷೆ. “ಕುಡೀತಿದ್ದೆ ಮಾರಾಯ್ರೆ, ದಿನಕ್ಕೆ ಎಷ್ಟು ಲೋಟ ಅಂತ ಲೆಕ್ಕ ಇಲ್ಲ. ಫಿಲ್ಟರ್ ಕಾಫಿ,” ಎನ್ನುತ್ತಿದ್ದರು. ಅಮ್ಮನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಯಾವತ್ತೋ ರಕ್ತಕ್ಕೆ ಸೇರಿ ಸದ್ದಿಲ್ಲದೆ ಕೂತಿದ್ದ ಕಾಮಾಲೆಯ ವೈರಸ್ಸು ಇದಕ್ಕೆ ಕಾರಣ ಎಂದು ಕಲ್ಯಾಣದ ಡಾಕ್ಟರರು ಹೇಳಿದ ಮೇಲೆ, ಅಮ್ಮ ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಳು. “ವೈರಸ್ಸು. ಕುಡಿದು ಅಲ್ಲ.” ತರಕಾರಿಯವನಿಗೂ ಹೇಳಿದಳು.

ಅಮ್ಮ, ಅಂದರೆ ವಾರಿಜಾ, ಮದುವೆಯಾಗಿ ಉಡುಪಿಯ ಹಳ್ಳಿಯಿಂದ ನೇರ ಡೊಂಬಿವಲಿಗೆ ಬಂದು ಇಳಿದವಳು. ಒಂದಕ್ಷರ ಮರಾಠಿ ಬರುತ್ತಿರಲಿಲ್ಲ. ಅಪ್ಪ ಹೋಟೆಲು ಮುಚ್ಚಿ ಬಂದು ಅವಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರಂತೆ. ಬಟಾಟೆ ಗಂಡು, ಭಾಜಿ ಹೆಣ್ಣು, ಬಾಳೆಹಣ್ಣು, ಅಂದರೆ ‘ಕೇಳೆ’, ಎರಡೂ ಅಲ್ಲ. ಬಾಳೆಹಣ್ಣಿಗೂ ಬಟಾಟೆಗೂ ಗಂಡು ಹೆಣ್ಣು ಯಾಕೆ ಎಂದು ಅಮ್ಮ ಆವತ್ತು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ, ಹಾಗಾಗಿ ಅವಳು ಎಲ್ಲವನ್ನೂ ಗಂಡು ಮಾಡಿಬಿಟ್ಟಳು. ‘ತೀ ಭಾಜೀ ಕಶೀ ದಿಲೀ’ ಎನ್ನಬೇಕಾದಲ್ಲಿ “ತೋ ಭಾಜೀ ಕಸಾ ದಿಲಾ?” ಎಂದು ಈಗಲೂ ತರಕಾರಿಯ ಬೆಲೆ ಕೇಳುತ್ತಾಳೆ. ಅಂಗಡಿಯವನು ನಗುತ್ತಾನೆ, ಎರಡು ಕಡ್ಡಿ ಕೊತ್ತಂಬರಿ ಹೆಚ್ಚು ಹಾಕುತ್ತಾನೆ. ಅಪ್ಪ ತಿದ್ದುವುದನ್ನು ಬಿಟ್ಟಿರಲಿಲ್ಲ, ಅವಳು ಕಲಿಯುವ ಗೋಜಿಗೆ ಹೋಗಿರಲಿಲ್ಲ.

ನಮ್ಮ ಮನೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮನ ನಡುವೆ ತುಳು ಕನ್ನಡ ಎರಡೂ ಕಲಸಿಕೊಂಡಿರುತ್ತಿತ್ತು, ನಮ್ಮೊಂದಿಗೆ ಉಡುಪಿ ಕನ್ನಡ. ಎದುರು ಫ್ಲ್ಯಾಟಿನಲ್ಲಿ ಬಾಗಲಕೋಟೆಯ ಗಂಗಕ್ಕ. ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಮೊದಲು ಜಗಳವೇ ಆಗುತ್ತಿತ್ತು. ವರ್ಷಗಳು ಕಳೆದು ಅಮ್ಮ ಅವರ ಬಾಯಿಂದ ಎಷ್ಟೋ ಮಾತು ಎತ್ತಿಕೊಂಡಿದ್ದಳು. ಬೆಳಗ್ಗೆ ಹಾಲಿನ ಚೀಲ ತೆಗೆಯಲು ಬಾಗಿಲು ತೆರೆದರೆ ಎದುರಿನಿಂದ ಗಂಗಕ್ಕನ ಪ್ರಶ್ನೆ ಬರುತ್ತಿತ್ತು: “ವಾರಿಜಕ್ಕಾ, ಅಣ್ಣಾರು ಆರಾಮ ಅದಾರೇನ್ರಿ?” ಅಪ್ಪನ ಕಾಯಿಲೆ ತಿಳಿದ ಮೇಲೆ ಅದು, “ಆರಾಮ ಆಗ್ತಾರ ತಗೋರಿ, ಚಿಂತಿ ಮಾಡಬ್ಯಾಡ್ರಿ,” ಎಂದಾಯಿತು. ಅಮ್ಮ ಆ ಮಾತನ್ನು ಬೆಳಗಿನ ಹಾಲಿನ ಜೊತೆಗೆ ಒಳಗೆ ತರುತ್ತಿದ್ದಳು.

ಜೂನಿನಲ್ಲಿ ನಾನು ಬಂದು ಅಪ್ಪನ ಮನೆಯಲ್ಲೇ ಉಳಿದೆ, ನಮ್ಮ ತಿರುಗಾಟ ಸುರುವಾಯಿತು. ಊರಿಂದ ಬಸ್ಸಿನಲ್ಲಿ ಕಾಮಾಲೆಯ ಹಸಿರು ಮದ್ದು ಬಂತು, ಬಾಟಲಿ ತೆರೆದರೆ ಅಪ್ಪ ಮಾರುದೂರ ಓಡಿದರು. ಅಂಬರನಾಥದಲ್ಲಿ ಯಾರೋ ನಾಡಿ ನೋಡುತ್ತಾರೆ ಎಂದರು, ಹೋಗಿ ಬಂದೆವು. ಹತ್ತಿರದಲ್ಲೇ ಶಿವನ ಹಳೇ ದೇವಸ್ಥಾನ ಇರುವುದರಿಂದ ಆ ದಿನ ಪೂರ್ತಿ ದಂಡವಾಗಲಿಲ್ಲ. ಕೊನೆಗೆ ಎಲ್ಲರೂ ಬೆರಳು ತೋರಿಸಿದ್ದು ನವಿ ಮುಂಬೈಯ ಒಂದು ದೊಡ್ಡ ಆಸ್ಪತ್ರೆಯ ಕಡೆಗೆ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬೈ. ಗಿರೀಶ ಕಾರು ಮಾಡಿಸುತ್ತೇನೆ ಎಂದ. ಮಳೆಯಲ್ಲಿ ಶಿಳ್ಫಾಟಾ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ರೈಲೇ ಸುಖ ಎಂದರು ಅಪ್ಪ. ಆವಾಗ ಯಾರೋ ಹೇಳಿದರು, ಕ್ಯಾನ್ಸರ್ ಇದ್ದವರು ದಿವ್ಯಾಂಗರ ಡಬ್ಬಿಯಲ್ಲಿ, ಅಂದರೆ ಅವರಿಗೆಂದೇ ಇಟ್ಟ ಬೋಗಿಯಲ್ಲಿ ಹೋಗಬಹುದು, ಆಸ್ಪತ್ರೆಯ ಕಾಗದ ಇದ್ದರೆ ಜೊತೆಗೆ ಒಬ್ಬರು ಹತ್ತಬಹುದು ಎಂದು.

ಆ ‘ಒಬ್ಬರು’ ಅಮ್ಮ. ಇದನ್ನು ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಲೋಕಲ್ ಗಾಡಿಯಲ್ಲಿ ಹೆಂಗಸರಿಗೆ ಬೇರೆ ಡಬ್ಬಿ. ಗಂಡ ಹೆಂಡತಿ ಒಟ್ಟಿಗೆ ಮನೆಯಿಂದ ಹೊರಟು, ಪ್ಲ್ಯಾಟ್‌ಫಾರ್ಮಿನಲ್ಲಿ ಬೇರೆಯಾಗಿ, ಇಳಿದ ಮೇಲೆ ಸೇತುವೆಯ ಕೆಳಗೆ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವುದು ಇಲ್ಲಿಯ ಸಂಸಾರ. ಅಪ್ಪ ಅಮ್ಮ ಮಾಟುಂಗಕ್ಕೆ ಮದುವೆಗೆ ಹೋದರೂ ದಾದರಿಗೆ ಸೀರೆಗೆ ಹೋದರೂ ಹೀಗೆಯೇ ಹೋದವರು. ಈಗ ಮೊದಲ ಸಲ ಒಂದೇ ಬೆಂಚಿನಲ್ಲಿ ಪಕ್ಕ ಪಕ್ಕ. ನಾನು ನನ್ನ ಪಾಡಿಗೆ ಲೇಡೀಸ್ ಡಬ್ಬಿ ಹತ್ತುತ್ತಿದ್ದೆ. ಠಾಣೆಯಲ್ಲಿ ಇಳಿದು ಅವರನ್ನು ಕೂಡಿಕೊಳ್ಳಲು ಹೋದರೆ ಅಮ್ಮನ ಮುಖದಲ್ಲಿ ಹೊಸ ಮದುಮಗಳ ನಾಚಿಕೆ. “ಹೊರಗೆ ನೋಡ್ಲಿಕ್ಕೆ ಇಷ್ಟೆಲ್ಲ ಉಂಟಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ,” ಎಂದಳು ಒಮ್ಮೆ. ಮುಂಬ್ರಾದ ಗುಡ್ಡ, ಪಾರಸಿಕ್ ಸುರಂಗ, ಸಮುದ್ರದ ಹಿನ್ನೀರಿನ ಖಾಡಿ, ಎಲ್ಲವನ್ನೂ ಅಪ್ಪ ತೋರಿಸಿದ್ದರಂತೆ. ಅವಳು ಆ ದಾರಿಯಲ್ಲಿ ನೂರಾರು ಸಲ ಹೋದವಳೇ. ತೋರಿಸುವವರು ಪಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಆಸ್ಪತ್ರೆಯಲ್ಲಿ ಮೊದಲು ಲಿವರ್ ಬದಲಿಸುವ ಮಾತು ಬಂತು. ಗಿರೀಶ ಕೂತಲ್ಲಿಂದ ಎದ್ದು ನಿಂತ. “ನಾನು ಕೊಡ್ತೇನೆ. ಇವತ್ತೇ ಟೆಸ್ಟ್ ಮಾಡಿ,” ಎಂದ. ಅಲ್ಲಿಯ ಡಾಕ್ಟರಮ್ಮ ನಲವತ್ತರ ಆಸುಪಾಸಿನ ಮರಾಠಿ ಹೆಂಗಸು, ಗಡಿಬಿಡಿ ಇಲ್ಲದವರು. ಗಡ್ಡೆ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳದೊಳಗೆ ನುಗ್ಗಿದೆ, ಈಗ ಹೊಸ ಲಿವರ್ ಹಾಕಿದರೂ ಅದು ಅಲ್ಲಿಗೂ ಬರುತ್ತದೆ ಎಂದು ಚಿತ್ರ ಬರೆದು ವಿವರಿಸಿದರು. ಗಿರೀಶ ಕಾರಿಡಾರಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. “ಕೊಡ್ತೇನೆ ಅಂದ್ರೂ ಬೇಡ ಅಂತಾರಲ್ಲಕ್ಕಾ,” ಎಂದ. ನನ್ನ ತಮ್ಮ ಸಿಟ್ಟಿನವ, ಕೆಲಸದವರ ಮೇಲೆ ಕೂಗಾಡುವವ. ಅವನು ಹಾಗೆ ನಿಂತದ್ದನ್ನು ನೋಡಿ ನನಗೆ ಅವನ ಮೇಲೆ ಉಕ್ಕಿದ ಪ್ರೀತಿಯನ್ನು ಆವತ್ತು ಹೇಳಲು ಬರಲಿಲ್ಲ. ಅಪ್ಪ ಅವನ ಬೆನ್ನು ತಟ್ಟಿ, “ನಿನ್ನ ಲಿವರಾ? ನೀನು ತಿನ್ನುವ ಪಾವ್‌ಭಾಜಿ ನೋಡಿದ್ದೇನೆ, ನಂಗೆ ಬೇಡ,” ಎಂದರು.

ಜುಲೈ ನಡುವಿನಲ್ಲಿ ಅಪ್ಪನ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಮತ್ತೆ ನವಿ ಮುಂಬೈ. ಆ ದಿನ ಗಿರೀಶ ಹೋಟೆಲಿನಲ್ಲಿದ್ದ, ನಾವು ಮೂವರೇ ಹೋದದ್ದು. ಹೊಟ್ಟೆಯ ನೀರು ತೆಗೆದು, ರಕ್ತದ ರಿಪೋರ್ಟುಗಳನ್ನು ನೋಡಿ, ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ಡ್ರಿಪ್ಪಿನಲ್ಲಿ ಕೊಡುವ ಹೊಸ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಈ ಲಿವರಿಗೆ ಉಳಿದಿಲ್ಲ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದರು. ಆಮೇಲೆ ಅಮ್ಮನ ಕಡೆ ತಿರುಗಿ, ಅವಳ ಕೈ ಹಿಡಿದು, ಮೆತ್ತಗಿನ ಮರಾಠಿಯಲ್ಲಿ, “ಆತಾ ಕಾಕಾಂನಾ ಆರಾಮ ಮಿಳಾಲಾ ಪಾಹಿಜೆ. ಆಪಣ ಫಕ್ತ ಆರಾಮಾಚಂ ಬಘೂ,” ಎಂದರು.

ನೋವು ಇಲ್ಲದ ಹಾಗೆ, ತ್ರಾಸ ಇಲ್ಲದ ಹಾಗೆ ನೋಡಿಕೊಳ್ಳೋಣ, ಇನ್ನು ಅಷ್ಟೇ ನಮ್ಮ ಕೈಯಲ್ಲಿರುವುದು. ಅವರು ಹೇಳಿದ್ದು ಅದು. ಅಮ್ಮನ ಕಿವಿಗೆ ಬಿದ್ದದ್ದು ಎದುರು ಫ್ಲ್ಯಾಟಿನ ಗಂಗಕ್ಕನ ಆರಾಮ, ಗುಣ ಆಗುತ್ತಾರೆ ಎನ್ನುವ ಮಾತು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಎರಡೂ ಕೈ ಜೋಡಿಸಿ ಡಾಕ್ಟರಮ್ಮನಿಗೆ ನಮಸ್ಕಾರ ಮಾಡಿದಳು. ಡಾಕ್ಟರಮ್ಮನ ಕಣ್ಣು ತುಂಬಿತು. ಇಷ್ಟು ದೊಡ್ಡ ಮಾತನ್ನು ಹೀಗೆ ತೆಗೆದುಕೊಂಡಳಲ್ಲ ಎಂದು ಅವರು ಅಂದುಕೊಂಡಿರಬೇಕು.

ನಾನು ಔಷಧಿ ತೆಗೆದುಕೊಂಡು ಬರುವಷ್ಟರಲ್ಲಿ ಅಮ್ಮ ಕಾರಿಡಾರಿನ ಬೆಂಚಿನಲ್ಲಿ ಕೂತು ಊರಿಗೆ ಫೋನ್ ಹಚ್ಚಿದ್ದಳು. “ಹೌದು ಭಾವಾ, ಆರಾಮ ಆಗ್ಬೇಕು ಅಂತ ಹೇಳಿದ್ರು. ಇನ್ನು ಬರೀ ಆರಾಮದ್ದೇ ನೋಡುವ ಅಂದ್ರು. ದೊಡ್ಡ ಡಾಕ್ಟ್ರು. ಕೈ ಹಿಡಿದು ಹೇಳಿದ್ರು.” ನಾನು ಫೋನು ಕಸಿದುಕೊಳ್ಳಲು ಹೋದೆ. ಅಪ್ಪ ನನ್ನ ಮೊಣಕೈ ಹಿಡಿದರು. ಅವರು ಬದುಕೆಲ್ಲ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮರಾಠಿ ಗಿರಾಕಿಗಳ ಜೊತೆ ಮಾತಾಡಿದವರು, ಅವರಿಗೆ ಡಾಕ್ಟರಮ್ಮನ ಒಂದೊಂದು ಅಕ್ಷರವೂ ಅರ್ಥವಾಗಿತ್ತು.

“ಇರ್ಲಿ ಮಗಾ,” ಎಂದರು. “ನಾನೇ ಹೇಳ್ತೇನೆ. ಇವತ್ತು ಬೇಡ. ಎಷ್ಟು ಖುಷಿಯಲ್ಲಿದ್ದಾಳೆ ನೋಡು.”

“ಅಪ್ಪ, ಇದು ಸರಿಯಲ್ಲ.”

“ಸರಿಯಲ್ಲ. ಗೊತ್ತುಂಟು. ಆದ್ರೆ ಗಾಡಿಯಲ್ಲಿ ಪಕ್ಕದಲ್ಲಿ ಕೂತು ಅಳುವವಳನ್ನು ನಾನು ಹೇಗೆ ಸಮಾಧಾನ ಮಾಡ್ಲಿ? ಅಭ್ಯಾಸ ಇಲ್ಲ.”

ಆ ಒಂದು ಮಾತಿಗೆ ನಾನು ಸೋತೆ. ಆದರೆ ‘ಇವತ್ತು ಬೇಡ’ ಎನ್ನುವುದು ಮರುದಿನಕ್ಕೂ ಹೋಯಿತು, ಅದರ ಮರುದಿನಕ್ಕೂ ಹೋಯಿತು. ಗಂಗಕ್ಕ ಸುದ್ದಿ ಕೇಳಿ ಹೋಳಿಗೆ ಮಾಡಿ ತಂದರು. “ನಾ ಹೇಳಿರ್ಲಿಲ್ಲೇನ್ರಿ? ಆ ಮಲ್ಲಯ್ಯ ದೊಡ್ಡಾಂವ ಅದಾನ್ರಿ,” ಎಂದು ಕಣ್ಣೊರೆಸಿಕೊಂಡರು. ಊರಿಂದ ದೊಡ್ಡಪ್ಪ ದೀಪಾವಳಿಗೆ ಬರಲೇಬೇಕು ಎಂದು ಅಪ್ಪಣೆ ಮಾಡಿದರು. ಅಮ್ಮ ಅಪ್ಪನನ್ನು ‘ಆರಾಮ ಮಾಡುವ’ ಕೆಲಸಕ್ಕೆ ಸೆರಗು ಬಿಗಿದು ನಿಂತಳು. ಬೆಳಗ್ಗೆ ಮನೆಯ ಹಾಲ್‌ನಲ್ಲಿ ನಡೆಸುವುದು, ಹೊತ್ತು ಹೊತ್ತಿಗೆ ಗಂಜಿ ಕುಡಿಸುವುದು, ಮಲಗಿದರೆ ಎಬ್ಬಿಸುವುದು. “ಮಲಗಿದ್ರೆ ಆರಾಮ ಆಗ್ತದಾ? ಏಳಿ.” ಅಪ್ಪ ಕಾಲೆಳೆಯುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದರು. “ಮಿಲಿಟ್ರಿಗೆ ಸೇರಿಸ್ತಾಳೋ ಏನೋ,” ಎಂದು ನನ್ನ ಹತ್ತಿರ ತಮಾಷೆ ಮಾಡಿದರು. ಆದರೆ ಕೂತ ಮೇಲೆ ಬಹಳ ಹೊತ್ತು ಉಸಿರು ಹತೋಟಿಗೆ ಬರುತ್ತಿರಲಿಲ್ಲ.

ಗಿರೀಶನಿಗೆ ನಾನು ನಿಜ ಹೇಳಿದ್ದೆ. ಅವನು ಒಪ್ಪಲಿಲ್ಲ. ಠಾಣೆಯಲ್ಲಿ ಒಬ್ಬರು ಡಾಕ್ಟರನ್ನು ಹುಡುಕಿಕೊಂಡು ಬಂದ. ಅಡ್ಮಿಟ್ ಮಾಡಿ ಕಾಮಾಲೆ ಸ್ವಲ್ಪ ಇಳಿಸಿ, ಆ ಡ್ರಿಪ್ಪನ್ನು ಕೊಟ್ಟು ನೋಡಬಹುದು, ಆಸೆ ಕಡಿಮೆ, ತಡೆದುಕೊಳ್ಳದೆಯೂ ಹೋಗಬಹುದು ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಗಿರೀಶ ಹಿಡಿದುಕೊಂಡದ್ದು ‘ನೋಡಬಹುದು’ ಎಂಬ ಒಂದೇ ಪದವನ್ನು. ಅಮ್ಮನಿಗಂತೂ ಅನುಮಾನವೇ ಇಲ್ಲ, ಆರಾಮ ಆಗುವವರಿಗೆ ಔಷಧಿ ಕೊಡದೆ ಇರುತ್ತಾರಾ?

ಅಪ್ಪನಿಗೆ ಬೇಕಾದದ್ದು ಅದಲ್ಲ. ಒಂದು ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. “ನಂಗೆ ಮನೆಯಲ್ಲಿ ಇರ್ಬೇಕು ಮಗಾ. ಆಸ್ಪತ್ರೆಯಲ್ಲಿ ನಳಿಗೆ ಹಾಕಿಸ್ಕೊಂಡು, ಇವಳು ಹೊರಗೆ ಬೆಂಚಿನಲ್ಲಿ ಕೂತು, ನಾನು ಒಳಗೆ ಮಲಗಿ, ಹಾಗೆ ಮುಗಿಯುವುದು ಬೇಡ. ಇಷ್ಟು ವರ್ಷ ಬೇರೆ ಬೇರೆ ಡಬ್ಬಿಯಲ್ಲಿ ಹೋದದ್ದು ಸಾಕು.” ಹಾಗಾದರೆ ಅಮ್ಮನಿಗೆ ಹೇಳಿ ಎಂದೆ. ಹೇಳದಿದ್ದರೆ ಅವಳೇ ನಿಮ್ಮನ್ನು ಕೈಯಾರೆ ಅಲ್ಲಿಗೆ ಕರೆದುಕೊಂಡು ಹೋಗಿ ಬಿಡುತ್ತಾಳೆ ಎಂದೆ. ನನ್ನ ಸ್ವರ ಏರಿತ್ತು. ಅಪ್ಪ ತಲೆ ತಗ್ಗಿಸಿ ಕೂತರು. ಗಿರಾಕಿಯನ್ನಾಗಲಿ ಕಾರ್ಪೊರೇಷನ್ನಿನವರನ್ನಾಗಲಿ ಹೆದರದೆ ಎದುರಿಸಿದ ಮನುಷ್ಯ, ಹೆಂಡತಿಯ ಖುಷಿಗೆ ಹೆದರಿದ್ದರು.

ಠಾಣೆಯ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಭಾನುವಾರ. ಹೊರಗೆ ಮಳೆ, ಒಳಗೆ ಕಂಪನಿಯ ಘಾಟು. ಅಮ್ಮ ನೆಲದ ಮೇಲೆ ಕೂತು ಅಲಸಂಡೆ ಮುರಿಯುತ್ತಿದ್ದಳು. ಅಪ್ಪ ಕುರ್ಚಿಯಲ್ಲಿ. ನಾನು ಅಡುಗೆ ಕಟ್ಟೆಯ ಹತ್ತಿರ ಇದ್ದೆ.

“ವಾರಿಜಾ,” ಎಂದರು ಅಪ್ಪ. ಸಾಮಾನ್ಯವಾಗಿ ‘ಹೋಯ್’, ‘ಕೇಳ್ತಾ?’ ಎನ್ನುವವರು ಹೆಸರು ಹಿಡಿದು ಕರೆದದ್ದಕ್ಕೆ ಅಮ್ಮ ತಲೆಯೆತ್ತಿದಳು.

“ಎಂತ?”

“ಒಂದು ಮರಾಠಿ ಪಾಠ ಬಾಕಿ ಉಂಟು.”

“ಈಗ ನಂಗೆ ಪುರುಸೊತ್ತಿಲ್ಲ. ನಾಳೆಗೆ ಬ್ಯಾಗು ತುಂಬಿಸ್ಲಿಕ್ಕುಂಟು.”

“ಆ ಡಾಕ್ಟರಮ್ಮ ಹೇಳಿದ ಆರಾಮ ಉಂಟಲ್ಲ,” ಅಪ್ಪ ನಿಧಾನವಾಗಿ ಹೇಳಿದರು, “ಅದು ಗಂಗಕ್ಕನ ಆರಾಮ ಅಲ್ಲ.”

ಅಮ್ಮನ ಕೈಯಲ್ಲಿ ಅಲಸಂಡೆ ಅರ್ಧ ಮುರಿದು ನಿಂತಿತು. “ಮತ್ತೆ?”

“ನೋವಾಗದ ಹಾಗೆ ನೋಡ್ಕೊಳ್ಳುವ ಅಂತ. ಸುಖದಲ್ಲಿ ಇಡುವ ಅಂತ. ಇರುವಷ್ಟು ದಿನ.”

ಅಮ್ಮ ಅಳುತ್ತಾಳೆ ಎಂದು ನಾನು ಟವೆಲು ಹಿಡಿದು ತಯಾರಾಗಿದ್ದೆ. ಅವಳು ಅಳಲಿಲ್ಲ. ಕೆಂಡಾಮಂಡಲವಾದಳು. “ಗೊತ್ತಿತ್ತಾ ನಿಮಗೆ? ಆವತ್ತೇ? ನಾನು ಅಲ್ಲಿ ಕೂತು ಊರಿಗೆಲ್ಲ ಫೋನ್ ಮಾಡುವಾಗ ಪಕ್ಕದಲ್ಲೇ ಇದ್ರಲ್ಲ, ಬಾಯಲ್ಲಿ ಎಂತ ಇತ್ತು? ತೋ ಭಾಜೀ ಅಂದ್ರೆ ರಸ್ತೆಯಲ್ಲಿ ನಿಲ್ಲಿಸಿ ತಿದ್ದುತ್ತೀರಿ. ಇದನ್ನು ತಿದ್ಲಿಕ್ಕಾಗ್ಲಿಲ್ಲವಾ ನಿಮಗೆ?” ನನ್ನ ಕಡೆ ತಿರುಗಿ, “ನಿನಗೂ ಗೊತ್ತಿತ್ತು,” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅಲಸಂಡೆಯ ತಟ್ಟೆ ತಳ್ಳಿ ಎದ್ದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಪ್ಪ, “ಹೋಗು, ನೋಡು,” ಎಂದರು. ನಾನು ಹೋಗಲಿಲ್ಲ. ಮಳೆ ಒಂದು ಸುತ್ತು ಜೋರಾಗಿ ಹೊಯ್ದು ನಿಂತಿತು. ಬಾಗಿಲು ತೆರೆಯಿತು. ಅಮ್ಮ ಮುಖ ತೊಳೆದುಕೊಂಡು ಕುಂಕುಮ ಇಟ್ಟುಕೊಂಡಿದ್ದಳು. ಕೈಯಲ್ಲಿ ಫೋನು. ಅಪ್ಪನ ಕುರ್ಚಿಯ ಪಕ್ಕ ಸ್ಟೂಲು ಎಳೆದು ಕೂತಳು.

“ಎಲ್ಲರಿಗೂ ಸುಳ್ಳು ಹೇಳಿದ ಹಾಗಾಯ್ತು,” ಎಂದಳು. “ಮೊದ್ಲು ಭಾವನಿಗೆ ಹಚ್ಚುವ.”

ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. ಖುಷಿಯ ಸುದ್ದಿ ಕೊಟ್ಟವರಿಗೆಲ್ಲ ಅವಳು ಮತ್ತೆ ಫೋನ್ ಮಾಡಿದಳು. “ಭಾವಾ, ನಂಗೆ ಮರಾಠಿ ಅರ್ಥ ಆಗ್ಲಿಲ್ಲ. ಇವರಿಗೆ ಗುಣ ಆಗುದಿಲ್ಲಂತೆ. ದೀಪಾವಳಿಯ ತನಕ ಕಾಯ್ಬೇಡಿ, ಈಗಲೇ ಬಂದು ನೋಡ್ಕೊಂಡು ಹೋಗಿ.” ಮೊದಲ ಸಲ ಹೇಳುವಾಗ ಸ್ವರ ನಡುಗಿತು. ಮುಂದಿನ ಸಲ ಅಷ್ಟು ನಡುಗಲಿಲ್ಲ. ಆಚೆಯವರು ಅತ್ತರೆ ಇವಳೇ ಸಮಾಧಾನ ಮಾಡಿದಳು. ಹೀಗೆ ಹೇಳಿ ಹೇಳಿಯೇ ಅವಳು ಆ ಮಾತನ್ನು ನಂಬಿದಳು ಎಂದು ನನಗೆ ಅನಿಸುತ್ತದೆ. ಅಪ್ಪನ ಚಿಕ್ಕಮ್ಮ ಒಬ್ಬರು, ಬೇರೆ ಡಾಕ್ಟರಿಗೆ ತೋರಿಸಿ ಎಂದು ಸುರು ಮಾಡಿದಾಗ ಅಪ್ಪ ಫೋನು ತೆಗೆದುಕೊಂಡು, “ಚಿಕ್ಕೀ, ಅವಳು ಹೇಳಿದ್ದು ಸರಿ ಉಂಟು,” ಎಂದರು. ಕೊನೆಗೆ ಅಮ್ಮ ಎದ್ದು ಎದುರು ಬಾಗಿಲು ತಟ್ಟಿದಳು. ಗಂಗಕ್ಕ ಅವಳನ್ನು ತಬ್ಬಿಕೊಂಡರು. ಆವಾಗ ಅಮ್ಮ ಅತ್ತಳು.

ಮರುದಿನ ಠಾಣೆಗೆ ಹೋದದ್ದು ಗಿರೀಶನ ಹಟಕ್ಕೆ. ಡಾಕ್ಟರರು ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಅಡ್ಮಿಟ್ ಆಗಬೇಕು, ಆದರೆ ಯಾವ ಭರವಸೆಯೂ ಇಲ್ಲ. “ಮಾಡುವ,” ಎಂದ ಗಿರೀಶ. ಡಾಕ್ಟರರು ಅಪ್ಪನನ್ನು ನೋಡಿದರು. ಅಪ್ಪ ಗಿರೀಶನನ್ನು ನೋಡಿದರು. ಲಿವರು ಕೊಡುತ್ತೇನೆ ಎಂದ ಮಗನ ಮುಖ ನೋಡಿ ಬೇಡ ಎನ್ನಲು ಅವರಿಂದ ಆಗಲಿಲ್ಲ. ಹೂಂ ಎನ್ನುವ ಹಾಗೆ ಅವರ ತಲೆ ಇನ್ನೇನು ಅಲ್ಲಾಡಬೇಕು, ಅಷ್ಟರಲ್ಲಿ ಅಮ್ಮ ಕುರ್ಚಿಯಿಂದ ಎದ್ದಳು.

“ನಕೋ ಡಾಕ್ಟರ್,” ಎಂದಳು. “ಮೀ ತ್ಯಾಂನಾ ಘರೀ ನೇತೇ.”

ಬೇಡ, ನಾನು ಇವರನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ. ಗಿರೀಶ, “ಅಮ್ಮಾ!” ಎಂದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು, ಆದರೆ ಮಾತು ಬದಲಿಸಲಿಲ್ಲ. ಡಾಕ್ಟರರು ಪೆನ್ನು ಮುಚ್ಚಿ, ಮನೆಯಲ್ಲಿ ನೋವು ಹೆಚ್ಚಾದರೆ ಏನು ಮಾಡಬೇಕು ಎಂದು ಅವಳಿಗೇ ವಿವರಿಸಲು ಸುರು ಮಾಡಿದರು. ಹೊರಗೆ ಬಂದ ಮೇಲೆ ಅಪ್ಪ ನನ್ನ ಭುಜ ಹಿಡಿದುಕೊಂಡು ನಿಂತು ಅವಳನ್ನೇ ನೋಡಿದರು. “ಒಂದು ತಪ್ಪೂ ಇಲ್ಲ ಮಾರಾಯ್ತಿ,” ಎಂದರು. “ನೇತೋ ಅಲ್ಲ, ನೇತೇ. ಸರೀ ಹೆಣ್ಣಿನ ಹಾಗೆ ಹೇಳಿದೆ.” ಅಮ್ಮ, “ಸಾಕು, ಬನ್ನಿ,” ಎಂದಳು. ಗಿರೀಶ ಅಳುತ್ತಲೇ ನಕ್ಕ.

ಅಪ್ಪ ಹೋದದ್ದು ಗಣಪತಿ ಕೂರುವ ಮೊದಲು. ಅದರ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ, ಸಾವೆಲ್ಲ ಒಂದೇ ರೀತಿ ಇರುತ್ತದೆ. ಹೆಚ್ಚು ನರಳದೆ ಮನೆಯಲ್ಲೇ ಹೋದರು, ಅಷ್ಟು ಸಾಕು. ನಾನು ಬರೆಯಬೇಕೆಂದು ಕೂತದ್ದು ಅದಕ್ಕೂ ಕೆಲವು ದಿನ ಮೊದಲಿನ ಒಂದು ಮಧ್ಯಾಹ್ನವನ್ನು.

ಮನೆಯ ಹಾಲ್‌ನಲ್ಲಿ ಆಸ್ಪತ್ರೆಯ ಕಬ್ಬಿಣದ ಮಂಚ ಬಾಡಿಗೆಗೆ ತಂದು ಹಾಕಿದ್ದೆವು. ಒಬ್ಬರಿಗೇ ಹೊರಳಲು ಜಾಗ ಇಲ್ಲದಷ್ಟು ಇಕ್ಕಟ್ಟು. ಅಪ್ಪ ಎಚ್ಚರವಾಗಿದ್ದರು, ಅಮ್ಮ ಸ್ಟೂಲಿನ ಮೇಲೆ ಕೂತು ಅವರ ಕಾಲು ಒತ್ತುತ್ತಿದ್ದಳು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ. ನಾನಿರುವುದು ಅವರಿಗೆ ಗೊತ್ತಿತ್ತು, ಆದರೆ ಲಕ್ಷ್ಯ ಇರಲಿಲ್ಲ. ಮಕ್ಕಳೆದುರು ಅವರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಈ ಕಾಯಿಲೆ ಬರುವ ತನಕ ನೋಡಿದವಳಲ್ಲ.

“ನಿಮಗೆ ಹೆದರಿಕೆ ಆಗ್ತದಾ?” ಅಮ್ಮ ಕೇಳಿದಳು.

ಅಪ್ಪ “ಆಗ್ತದೆ,” ಎಂದರು.

“ನಂಗೂ ಆಗ್ತದೆ.”

ಆಮೇಲೆ ಅವಳು ಎದ್ದು, ಮಂಚದ ಪಕ್ಕದ ಕಬ್ಬಿಣದ ಅಡ್ಡಪಟ್ಟಿಯನ್ನು ಎಳೆದು ಕೆಳಗಿಳಿಸಿದಳು. “ಸ್ವಲ್ಪ ಆ ಕಡೆ ಸರೀರಿ,” ಎಂದಳು.

ಅಪ್ಪ ಸರಿದರು.